‘ಬರ್ತೀನಿ’ ಅಂದರೆ

ಕೊಲಿಂಡೇಲ್, ಲಂಡನ್
೧೧ ನವೆಂಬರ್ ೨೦೨೫, ಮಂಗಳವಾರ

ಮಗ ವಿನಾಯಕನಿಗೆ ನಿನ್ನ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪಾ? ಹೊಟ್ಟೆಯುರಿ ಕಡಿಮೆಯಾಯಿತೋ, ಅಲ್ಲೂ ಚಿಪ್ಸ್ ತಿಂದು ಮಲಗುತ್ತಿದ್ದೀಯೋ? ನನ್ನ ಮಂಡಿಯನ್ನು ಜಿ.ಪಿ. ಡಾಕ್ಟರು ನೋಡಿದ, ದಿನಾ ನಡೆಯಬೇಕು ಅಂದ. ನಡೆಯಲಾಗುವುದಿಲ್ಲ ಅಂತ ಹೋದವಳಿಗೆ ನಡಿ ಅನ್ನುವುದಕ್ಕೆ ಅಷ್ಟೆಲ್ಲ ಓದಬೇಕಿತ್ತೇ? ಶೋಭಾ ನನಗೇನೂ ಕಡಿಮೆ ಮಾಡಿಲ್ಲ. ಗಂಡ ಬಿಟ್ಟುಹೋದ ಮೇಲೂ ಅತ್ತೆಯನ್ನು ಇಟ್ಟುಕೊಂಡಿರುವ ಸೊಸೆ ಅವಳು, ತಿಳಿದಿರಲಿ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನೀನು ಈಗ ಮನೆ ಮಾಡಿರುವ ಸ್ಟ್ರಾಟ್‌ಫರ್ಡ್ ಇದೇ ಊರಲ್ಲಿದೆಯಂತೆ. ನೀನಿರುವ ರೀತಿ ನೋಡಿದರೆ ನಂಬಿಕೆ ಬರುವುದಿಲ್ಲ.

ಭಾನುವಾರ ನಿನ್ನ ಮಗಳು ಸಿರಿಶಾಳನ್ನು ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿ ಹಿಂದೆ ಹೀಟರ್ ಪಕ್ಕ ಕೂತಿದ್ದೆ. ರಾಮಪ್ರಸಾದ ಮೇಷ್ಟ್ರು ಒಂದು ಸಣ್ಣ ಕಥೆ ಓದಿದರು. ಮನೆಯ ಹಿರಿಮಗ ಚಪ್ಪಲಿ ಮೆಟ್ಟಿಕೊಂಡು ‘ಬರ್ತೀನಮ್ಮ’ ಎಂದು ಹೊರಡುತ್ತಾನೆ. ಅಂದಿನಿಂದ ತಾಯಿ ದಿನಾ ಅವನ ತಟ್ಟೆಗೂ ಅನ್ನ ಬಡಿಸುತ್ತಾಳೆ. ಅಷ್ಟೇ ಕಥೆ. ತಟ್ಟೆ ಏನನ್ನು ಸೂಚಿಸುತ್ತದೆ ಹೇಳಿ ಮಕ್ಕಳೇ ಅಂದರು. ತಟ್ಟೆ ತಟ್ಟೆಯಾಗಿರದೆ ಇನ್ನೇನಾಗುತ್ತೆ ಅಂದುಕೊಂಡೆ ನಾನು, ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಒಬ್ಬಳು ‘ಹೋಪ್, ಸರ್’ ಅಂದಳು, ಇನ್ನೊಬ್ಬ ‘ಫುಡ್ ವೇಸ್ಟ್, ಸರ್’ ಅಂದ. ಮೇಷ್ಟ್ರೂ ನಕ್ಕುಬಿಟ್ಟರು. ಆಮೇಲೆ ಅವರೇ ಬಿಡಿಸಿ ಹೇಳಿದರು: ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನುವುದು ಅಶುಭ, ಅದಕ್ಕೆ ‘ಬರ್ತೀನಿ’ ಅನ್ನುತ್ತಾರೆ, ಬಾಯಲ್ಲಿ ಬರುವುದು, ಮನಸ್ಸಿನಲ್ಲಿ ಹೋಗುವುದು, ಕಥೆಯ ತಿರುಳೇ ಅದು ಅಂತ.

ಸಿರಿಶಾ ಎದ್ದು ನಿಂತಳು. ‘ನೋ ಸರ್, ಬರ್ತೀನಿ ಅಂದ್ರೆ ಬರೋದೇ. ನಮ್ಮಪ್ಪ ನಂಗೆ ಹೇಳಿ ಹೋಗಿದಾರೆ.’

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಶಾಲು ಸರಿಮಾಡಿಕೊಂಡೆ. ನೀನು ಸೂಟ್‌ಕೇಸ್ ಎಳೆದುಕೊಂಡು ಲಿಫ್ಟಿಗೆ ಕಾಲಿಡುವಾಗ ಹಾಗೆ ಅಂದದ್ದು ನಾನೂ ಕೇಳಿದ್ದೇನೆ. ಹೊರಡುವಾಗ ಹಾಗನ್ನಬೇಕೆಂದು ನಿನಗೆ ಕಲಿಸಿದವಳೂ ನಾನೇ. ಬಸ್ ಸ್ಟಾಪಿನಲ್ಲಿ ಮಗು ಸೆರಗು ಜಗ್ಗಿ, ‘ಅಜ್ಜಿ, ಅಪ್ಪ ಹೇಳಿದ್ದು ರಿಯಲ್ ಬರ್ತೀನಿನಾ, ಸ್ಟೋರಿ ಬರ್ತೀನಿನಾ?’ ಅಂತ ಕೇಳಿತು. ‘ಬಸ್ ಬಂತು, ಹತ್ತೇ’ ಅಂದೆ. ಅದು ನಮ್ಮ ಬಸ್ಸೇ ಅಲ್ಲ. ಎಲ್ಲೋ ಇಳಿದು, ಇನ್ನೊಂದು ಹಿಡಿದು ಮನೆ ಸೇರಿದೆವು. ಬರ್ತಾನೆ ಅಂದರೆ ಸುಳ್ಳಾದೀತು. ಬರಲ್ಲ ಅನ್ನಲು ಹೆತ್ತವಳಿಗೆ ಬಾಯಿ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಆಯುಸ್ಸು ಕೊಡಲಿ, ಅದರ ಜೊತೆಗೆ ಚೂರು ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಶಿವಕ್ಕ

ಮರೆತಿದ್ದೆ: ತಿಂಗಳ ಕೊನೆಗೆ ನಾವು ಈ ಫ್ಲ್ಯಾಟ್ ಬಿಡುತ್ತಿದ್ದೇವೆ. ಹೊಸ ಮನೆಯ ವಿಳಾಸ ಬರೆದು ಈ ಬಾಗಿಲಿಗೆ ಅಂಟಿಸಬೇಕು, ಅಪ್ಪ ಬಂದಾಗ ಹುಡುಕಾಡಬಾರದು ಅಂತ ಸಿರಿಶಾ ಹಠ ಹಿಡಿದಿದ್ದಾಳೆ. ಶೋಭಾ ಎದ್ದು ಒಳಗೆ ಹೋದಳು. ಟೇಪು ನನ್ನ ಕೈಗೆ ಕೊಟ್ಟಿದೆ ಮಗು. ಅಂಟಿಸಲೋ ಬೇಡವೋ, ಅದೊಂದನ್ನು ನೀನೇ ಹೇಳು.