ಹೊಸ್ತಿಲೊಳಗೆ ಶೂ

ಮಾರ್ಚ್ 4, ಬೆಳಿಗ್ಗೆ

ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಹಾಲ್. ಬರಿಗಾಲಲ್ಲಿ, ಊರುಗೋಲಿಲ್ಲದೆ. ಮುರಿದಿದ್ದ ಕಾಲು ಕೂಡಿಕೊಂಡಿದೆ. ಕುಂಟು ಚೂರೂ ಇಲ್ಲವೆಂದು ಅತ್ತೆಯೂ ಒಪ್ಪಿದರು — ಅವರು ಒಪ್ಪುವುದೆಂದರೆ ಸಾಮಾನ್ಯವೇ? ನಾಡಿದ್ದು ಗೋದಾಮಿನಲ್ಲಿ ಫಿಟ್‌ನೆಸ್ ಪರೀಕ್ಷೆ. ಪಾಸಾದರೆ ಮತ್ತೆ ಸರಕು ಎತ್ತುವ ನನ್ನ ಫೋರ್ಕ್‌ಲಿಫ್ಟ್ ಗಾಡಿ. ಇಲ್ಲದಿದ್ದರೆ ಗೇಟಿನಲ್ಲಿ ಕೂತು ಪಾಸ್ ಬರೆದುಕೊಡುವ ಕೆಲಸ, ಅದೂ ಖಾಯಂ.

ಮಾರ್ಚ್ 6

ಫೇಲ್.

ಕಂಪನಿ ಡಾಕ್ಟರು ಡ್ಯೂಟಿ ಶೂ ಹಾಕಿ ನಡೆಯಿರಿ ಎಂದರು. ಮೂತಿಗೆ ಕಬ್ಬಿಣವಿರುವ ಶೂ. ನಾಲ್ಕು ಹೆಜ್ಜೆಗೇ ಬಲಗಾಲು ಎಳೆಯಿತು. ಕುಂಟಿದೆ, ಎಲ್ಲರೆದುರು. ಬರಿಗಾಲಲ್ಲಿ ಚೆನ್ನಾಗಿ ನಡೆಯುತ್ತೇನೆ ಎಂದೆ. ಗೋದಾಮಿಗೆ ಬರಿಗಾಲಲ್ಲಿ ಬರುತ್ತೀರಾ ಎಂದರು. ಅದೂ ಸರಿಯೇ... ಒಂದು ತಿಂಗಳು ಬಿಟ್ಟು ಇನ್ನೊಂದೇ ಅವಕಾಶ.

ಮಾರ್ಚ್ 7

ಫಿಸಿಯೋ ಮೇಡಂ ಹತ್ತಿರ ಅತ್ತೆಯೂ ಬಂದಿದ್ದರು. ಬರಿಗಾಲಲ್ಲಿ ಹೆಜ್ಜೆ ಚಿಕ್ಕದಂತೆ, ಪಾದ ಮೆತ್ತಗೆ ಊರುತ್ತದಂತೆ. ಶೂ ಹಾಕಿದರೆ ಹೆಜ್ಜೆ ಉದ್ದ, ಹಿಮ್ಮಡಿ ಜೋರಾಗಿ ಬಡಿಯುತ್ತದೆ, ಎತ್ತಬೇಕಾದ ಭಾರವೂ ಜಾಸ್ತಿ.

"ನೀವು ಒಂದು ನಡಿಗೆ ಕಲ್ತು ಇನ್ನೊಂದರ ಪರೀಕ್ಷೆಗೆ ಹೋಗಿದ್ದೀರಿ. ಮನೇಲೂ ಶೂ ಹಾಕ್ಕೊಂಡೇ ನಡೀರಿ."

ಅತ್ತೆ ಗೋಡೆ ನೋಡಿದರು, ನಾನು ನೆಲ ನೋಡಿದೆ. ನಮ್ಮ ಮನೆಯೊಳಗೆ ಶೂ! ಮದುವೆಯಾದ ಹೊಸದರಲ್ಲಿ ಬಸ್ಸಿಗೆ ತಡವಾಯಿತೆಂದು ಒಂದೇ ಒಂದು ಸಲ ಹಾಗೇ ಒಳಗೆ ನುಗ್ಗಿದ್ದೆ. ಅತ್ತೆ ಇವತ್ತಿಗೂ ಆಡಿ ತೋರಿಸುತ್ತಾರೆ. ಬೀದಿಯಲ್ಲಿ ನಡೆಯೋಣವೆಂದರೆ ಬರೀ ಹಳ್ಳ. ಕೇಳುವ ಧೈರ್ಯ ಬರಲಿಲ್ಲ.

ಮಾರ್ಚ್ 8

ಎದ್ದಾಗ ಹಾಸಿಗೆ ಪಕ್ಕ ಶೂ. ತೊಳೆದು ಒರೆಸಿದ್ದು. ಅಡಿಯ ಗೆರೆಗಳಲ್ಲೂ ಮಣ್ಣಿಲ್ಲ.

"ಹಾಕ್ಕೊ. ಅಡುಗೆಮನೆ ತನಕ ಬಾ," ಎಂದರು ಅತ್ತೆ. ಮುಖ ಆ ಕಡೆ.

ಹಿಂದೆಯೇ ಒದ್ದೆ ಬಟ್ಟೆ ಹಿಡಿದು ನೆಲ ಒರೆಸುತ್ತ ಬಂದರು, ಗೊಣಗುತ್ತ. ಆದರೆ ನಿಲ್ಲು ಎನ್ನಲಿಲ್ಲ.

ಮಾರ್ಚ್ 27

ದಿನಾ ನಡಿಗೆ. ಬರೆಯಲು ಪುರುಸೊತ್ತಿಲ್ಲ. ಅತ್ತೆ ತರಕಾರಿ ಹೆಚ್ಚುತ್ತ ನನ್ನ ಹೆಜ್ಜೆ ಸದ್ದನ್ನು ಕಿವಿಯಲ್ಲೇ ಪರೀಕ್ಷೆ ಮಾಡುತ್ತಾರೆ. ಬಲಗಾಲು ಸೋಮಾರಿಯಂತೆ, ಥೇಟ್ ಅವರ ಮಗನ ಹಾಗೆ. ಆ ಮಗ, ಅಂದರೆ ನನ್ನ ಗಂಡ, ಪೇಪರ್ ಹಿಂದೆ ಅಡಗಿಕೊಂಡರು.

ಏಪ್ರಿಲ್ 6, ಸಂಜೆ

ಪಾಸ್! ಸೋಮವಾರದಿಂದ ಫೋರ್ಕ್‌ಲಿಫ್ಟ್.

ಮೆಟ್ಟಿಲ ಮೇಲಿನ ಸದ್ದಿಗೇ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಗದರಿದರು.

"ಇನ್ಮೇಲೆ ಶೂ ಹೊರಗೆ."

ಕಣ್ಣು ಮಾತ್ರ ಒದ್ದೆ. ಅಲ್ಲೇ ಕೂತು ಲೇಸ್ ಬಿಚ್ಚೋಣವೆಂದರೆ ಗಂಟು ಬಿಗಿದುಕೊಂಡಿತ್ತು. ಅತ್ತೆಯೇ ಬಗ್ಗಿ ಬಿಚ್ಚಿದರು.