ಮನುಷ್ಯರಿಲ್ಲದ ಗ್ರಹದಲ್ಲಿ ಒಂದು ಹುಂಜ

ಸವಾಯಿ ದ್ವೀಪ, ಸಮೋವಾ

ಊರ ಯಜಮಾನರಾದ ಲೆಯಾಟು ಮಾವನವರಿಗೆ ನಮಸ್ಕಾರ.

ಸಂಜೆ ಪ್ರಾರ್ಥನೆಗೆ ಶಂಖ ಊದಿದ ಮೇಲೆ ಯಾರೂ ಹೊರಬರಬಾರದೆಂಬ ಕಟ್ಟಳೆಯನ್ನು ನಾನು ಮುರಿದದ್ದು ನಿಜ. ನನ್ನ ಕಿರುಚಿತ್ರಕ್ಕೆ ಮನುಷ್ಯರಿಲ್ಲದ ಗ್ರಹವೊಂದು ಬೇಕಿತ್ತು. ಕೈಯಲ್ಲಿ ಕಾಸಿಲ್ಲದ ನನಗೆ ಆ ಹೊತ್ತಿನ ನಮ್ಮ ಊರೇ ಸಿಕ್ಕಿತು. ನೀವು ಹಾಕಿದ ದಂಡದ ಹಂದಿಯನ್ನು ಶನಿವಾರ ತರುತ್ತೇನೆ.

ಆದರೆ ಚಿತ್ರವನ್ನು ಎಲ್ಲರ ಫೋನಿನಿಂದಲೂ ಅಳಿಸಬೇಕೆಂದು ನಿಮಗೇಕೆ ಅಷ್ಟು ಅವಸರ? ನನ್ನ ತಗಡಿನ ರಾಕೆಟ್ಟಿನ ಹಿಂದೆ ಯಾರೋ ಒಬ್ಬರು ಪಾದ್ರಿಗಳ ಕಾಣೆಯಾದ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ದಾಟುತ್ತಾರೆ. ಅದನ್ನು ನೋಡಿ ಅತ್ತೆ, "ಅಯ್ಯೋ, ಈ ಅನ್ಯಗ್ರಹದವನು ನಮ್ಮನೆಯವರ ಅಂಗೀನೇ ಹಾಕ್ಕೊಂಡಿದಾನಲ್ಲೇ!" ಎಂದರು.

ನನ್ನ ಹಂದಿಯ ಪಕ್ಕದಲ್ಲಿ ನಿಮ್ಮದಕ್ಕೂ ಒಂದು ಗೂಟ ನೆಡಲೇ?

ನಿಮ್ಮ ತಂಗಿಯ ಮಗಳು,
ಫುವಾಟಿನೊ