ದೋಣಿಯ ಹಿಂದಿನ ಗೋಡೆ

ಚಾಮರಾಜಪೇಟೆ, ಬೆಂಗಳೂರು
15-3-1999, ಸೋಮವಾರ

ಪ್ರೀತಿಯ ಮನೋಹರನಿಗೆ,

ಹೇಗಿದ್ದೀಯಪ್ಪಾ? ದಾವಣಗೆರೆಯ ಬಿಸಿಲು ಈಗಾಗಲೇ ತಲೆ ಸುಡುತ್ತಿರಬೇಕು. ನಿನ್ನ ಚಿಕ್ಕಮ್ಮ ಮಹಾನಂದಳ ಮಂಡಿನೋವು ಕಡಿಮೆಯಾಯಿತೇ? ಮೂರು ಹೊತ್ತೂ ಮಂಡಕ್ಕಿ, ಮೆಣಸಿನಕಾಯಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಇಲ್ಲಿ ನಾನೂ ನಿನ್ನ ದೊಡ್ಡಮ್ಮನೂ ಚೆನ್ನಾಗಿದ್ದೇವೆ. ಸಂಕ್ರಾಂತಿ ಮಾರನೆಯ ದಿನ ನೀನು ಚೀಲ ಎತ್ತಿಕೊಂಡು ಹೋದ ಮೇಲೆ ಅವಳು ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ. ಅದೊಂದು ಬಿಟ್ಟರೆ ಆರೋಗ್ಯ.

ಸುದ್ದಿ ಏನೆಂದರೆ, ಕೆರೆ ಸಂಘದ ಆ ಹಳೆಯ ಫೈಬರ್ ದೋಣಿ ಈಗ ನಮ್ಮ ಶೆಡ್ಡಿನಲ್ಲಿದೆ. ಜನರನ್ನು ಕೂರಿಸಿಕೊಂಡು ನೀನು ನಡೆಸುತ್ತಿದ್ದಾಗ ಎಂಜಿನ್ ಕೂರುವ ಹಿಂದಿನ ಗೋಡೆ ಬಿರುಕು ಬಿಟ್ಟಿತಲ್ಲ, ಅದೇ. "ಎಲ್ಲೋ ದಡದ ಮೆಟ್ಲಿಗೆ ಗುದ್ದಿ ಈಗ ಬಾಯ್ ಮುಚ್ಕೊಂಡಿದಾನೆ" ಅಂತ ಕಾರ್ಯದರ್ಶಿ ಶ್ರೀನಿವಾಸಯ್ಯನವರು ಅಂದರು. "ಇಲ್ಲ ದೊಡ್ಡಪ್ಪ, ಸುಮ್ನೆ ಹೋಗ್ತಿದ್ದಾಗ ಟಪ್ ಅಂತು" ಅಂದೆ ನೀನು. ನಿನ್ನನ್ನು ಎತ್ತಿ ಆಡಿಸಿದ ನಾನೇ ನಿನ್ನ ಮಾತು ನಂಬಲಿಲ್ಲ. ನಿನ್ನ ಕೆಲಸ ಹೋಯಿತು, ನೀನೂ ಹೋದೆ. ಹೋದ ತಿಂಗಳು ದೋಣಿಯನ್ನು ಗುಜರಿಗೆ ಹಾಕುತ್ತಾರೆಂದು ಕೇಳಿದಾಗ, ಗುದ್ದಿದ ಗುರುತು ಎಲ್ಲಿದೆ ಎಂದು ಒಂದು ಸಲ ಕಣ್ಣಾರೆ ನೋಡಬೇಕು ಅನಿಸಿತು. ಲಾರಿಯಲ್ಲಿ ಹೇರಿಸಿಕೊಂಡು ಬಂದೆ. ನಿನ್ನ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಗಾಂಧಿನಗರದ ಸಿನಿಮಾದೋರ್ಗೆ ಫೈಬರ್ ಸಿಂಹ ಮಾಡ್ಕೊಂಡಿರೋರ್ಗೆ ದೋಣಿ ಯಾಕ್ರೀ? ನಡುನೀರಲ್ಲಿ ಒಡೆದ್ರೆ ಕಟ್ ಅಂತ ಹೇಳೋಕೆ ಯಾರ್ ಬರ್ತಾರೆ?" ಅಂದಳು. ಎರಡು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಗುದ್ದಿದ ಗುರುತು ಎಲ್ಲೂ ಇರಲಿಲ್ಲ ಮಗು. ಹೊರಮೈಯಲ್ಲಿ ಒಂದು ತರಚು ಗೀರು ಸಹ ಇಲ್ಲ. ಬಿರುಕು ಎಂಜಿನ್ ಕೂರುವ ತಗ್ಗಿನ ಮೂಲೆಯಿಂದ ಹೊರಟು ಕೆಳಗಿಳಿದಿತ್ತು, ಒಳಗೆ ಹಳೆಯ ಪಾಚಿ ಒಣಗಿ ಕಪ್ಪಾಗಿತ್ತು. ಒಂದೇ ದಿನ ಆದ ಬಿರುಕಿನಲ್ಲಿ ಪಾಚಿ ಎಲ್ಲಿಂದ ಬರಬೇಕು? ಸುತ್ತಿಗೆಯ ಹಿಡಿಯಿಂದ ಅಂಗುಲ ಅಂಗುಲಕ್ಕೂ ತಟ್ಟಿ ನೋಡಿದೆ. ಎಡಗಡೆ ಟಣ್ ಟಣ್ ಅಂದದ್ದು, ಬಲಗಡೆ ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ ದಬ್ ಅಂದಿತು. ಸಣ್ಣ ತೂತು ಕೊರೆದೆ. ಎಡಗಡೆಯಿಂದ ಹೊಂಬಣ್ಣದ ಒಣ ಮರದ ಪುಡಿ ಉದುರಿತು. ಬಲಗಡೆಯಿಂದ ಕಾಫಿ ಗಸಿಯಂಥ ಒದ್ದೆ ಮುದ್ದೆ ಬಂತು.

ಆಮೇಲೆ ಹೊರಮೈ ಹಾಗೇ ಉಳಿಸಿಕೊಂಡು ಒಳಗಿನ ಫೈಬರ್ ಪದರವನ್ನು ಕತ್ತರಿಸಿ ಬಿಡಿಸಿದೆ. ನಲವತ್ತು ವರ್ಷದಿಂದ ಈ ಕೆಲಸ ಪುಸ್ತಕವಿಲ್ಲದೆ ಗುರುವಿಲ್ಲದೆ ಕಲಿತವನು ನಾನು, ಆದರೆ ಇಂಥ ಗೋಡೆಯ ಒಳಗನ್ನು ಕಂಡದ್ದು ಅಂದೇ ಮೊದಲು. ಎರಡು ಫೈಬರ್ ಹಾಳೆಗಳ ನಡುವೆ ಎರಡು ಬೆರಳು ದಪ್ಪದ ಪ್ಲೈವುಡ್, ಅಷ್ಟೇ. ಎಂಜಿನ್ನಿನ ತೂಕ, ಅದು ನೂಕುವ ನೂಕು, ಒಳಗೆ ಕೂತ ಎಂಟು ಜನರ ಜೀವ, ಎಲ್ಲವನ್ನೂ ಈ ಒಂದು ಗೋಡೆ ಇಪ್ಪತ್ತೈದು ವರ್ಷ ಬೆನ್ನು ಕೊಟ್ಟು ಹೊತ್ತಿದೆ! ಮರ ಅರ್ಧ ಮಣ್ಣಾದ ಮೇಲೂ ಹೊತ್ತಿದೆ. ನೀರು ಇಳಿದ ದಾರಿ ಕಪ್ಪು ಗೆರೆಗಳಾಗಿ, ನಕ್ಷೆಯಲ್ಲಿ ನದಿ ಕವಲೊಡೆಯುವಂತೆ ಹರಡಿತ್ತು. ಆ ಗೆರೆಗಳನ್ನು ಬೆರಳಿನಲ್ಲಿ ಹಿಂಬಾಲಿಸುತ್ತ ಮೇಲೆ ಹೋದೆ. ಎಲ್ಲ ಕವಲುಗಳೂ ಹೋಗಿ ಸೇರಿದ್ದು ಎರಡೇ ಎರಡು ಸ್ಕ್ರೂ ತೂತುಗಳಲ್ಲಿ.

ಆಯುಧಪೂಜೆಯ ಹಿತ್ತಾಳೆ ಕೊಕ್ಕೆಯ ತೂತುಗಳು. ಪ್ರತಿ ವರ್ಷ ಚೆಂಡುಹೂವಿನ ಹಾರ ಜಾರಿ ನೀರಿಗೆ ಬೀಳುತ್ತದೆಂದು ಎಂಬತ್ತಾರರಲ್ಲಿ ಆ ಕೊಕ್ಕೆ ಹಾಕಿದವನು ನಾನೇ. ಅಂದು ಎಲ್ಲರೂ ಭೇಷ್ ಅಂದಿದ್ದರು. ತೂತಿಗೆ ಒಂದು ತೊಟ್ಟು ರೆಸಿನ್ ಅಂಟು ಬಿಟ್ಟು ಸ್ಕ್ರೂ ಹಾಕಿದ್ದರೆ ಮುಗಿಯುತ್ತಿತ್ತು. ನಾನು ಮಾಡುವ ಸಿನಿಮಾ ಸಿಂಹ ನೀರಲ್ಲಿ ನಿಲ್ಲುವುದಿಲ್ಲ, ಹಾಗಾಗಿ ತೂತು ಮುಚ್ಚುವ ಬುದ್ಧಿ ನನಗೆ ಬರಲಿಲ್ಲ. ಹನ್ನೆರಡು ಮಳೆಗಾಲ ಹನಿ ಹನಿಯಾಗಿ ಒಳಗಿಳಿದವು.

ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು, ಹತ್ತು ದಿನ ಬಿಸಿಲಿಗೆ ಬಿಟ್ಟೆ. ಕಾಟನ್‌ಪೇಟೆಯಲ್ಲಿ ಅಲೆದು ನೀರಿಗೆ ತಡೆಯುವ ಪ್ಲೈವುಡ್ ತಂದು, ಎರಡು ಹಲಗೆ ಜೋಡಿಸಿ ರೆಸಿನ್‌ನಲ್ಲಿ ಅಂಟಿಸಿ ಕ್ಲಾಂಪ್ ಬಿಗಿದೆ. ಮೇಲೆ ಐದು ಪದರ ಗಾಜಿನ ಎಳೆಯ ಫೈಬರ್ ಮ್ಯಾಟ್. ಬೆಳ್ಳಗಿನ ಮ್ಯಾಟು ರೆಸಿನ್ ಹೀರಿದ ಕೂಡಲೇ ಕಣ್ಣಿಗೇ ಕಾಣದ ಹಾಗೆ ಆಗಿಬಿಡುತ್ತದಲ್ಲ, ಸಾವಿರ ಸಲ ನೋಡಿದ್ದರೂ ಈ ಸಲ ಮೈ ಜುಮ್ಮೆಂದಿತು. ಬಟ್ಟೆಯಂತೆ ಮಡಚುತ್ತಿದ್ದದ್ದು ಸಂಜೆಗೆ ಕಲ್ಲು! ಎಂಜಿನ್ ಬೋಲ್ಟಿನ ತೂತುಗಳನ್ನು ದೊಡ್ಡದಾಗಿ ಕೊರೆದು, ರೆಸಿನ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದೆ. ಇನ್ನು ನೀರಿಗೆ ಮರದ ಮುಖ ಕಾಣುವುದಿಲ್ಲ. ಮೊನ್ನೆ ಎಂಜಿನ್ ಕೂರಿಸಿ, ನೀರಿಗಿಳಿಯುವ ಅದರ ಬಾಲಕ್ಕೆ ನಾನೂ ಶೆಡ್ಡಿನ ಇಬ್ಬರು ಹುಡುಗರೂ ಜೋತುಬಿದ್ದೆವು. ಗೋಡೆ ಕೂದಲೆಳೆಯಷ್ಟೂ ಅಲುಗಲಿಲ್ಲ. ತಟ್ಟಿದರೆ ಈ ಕೊನೆಯಿಂದ ಆ ಕೊನೆಯವರೆಗೆ ಟಣ್ ಅನ್ನುತ್ತದೆ.

ಚಿಕ್ಕಮ್ಮನಿಗೆ ನಮ್ಮಿಬ್ಬರ ನೆನಪು ತಿಳಿಸು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ದೊಡ್ಡಪ್ಪ,
ಸಿದ್ದಬಸಪ್ಪ

ಮರೆತೆ: ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕೆರೆಯ ಏರಿಯ ಮೇಲೆ ಹತ್ತು ಜನರ ಎದುರು ನಿನ್ನನ್ನು ಸುಳ್ಳುಗಾರ ಅಂದಿದ್ದೆ. ನಿನ್ನೆ ಅದೇ ಜಾಗಕ್ಕೆ ಅವರನ್ನೆಲ್ಲ ಕರೆಸಿ, ಕೊಳೆತ ಮರ ಕೈಗೆ ಕೊಟ್ಟು, ಕೊಕ್ಕೆ ಹಾಕಿದ ತಪ್ಪು ನನ್ನದು, ಮನೋಹರ ಹೇಳಿದ್ದೇ ನಿಜ ಅಂದೆ. ಶ್ರೀನಿವಾಸಯ್ಯನವರು "ಬಿಡಿ ಸಿದ್ದಬಸಪ್ನೋರೇ, ದೇವರ ಕೆಲ್ಸಕ್ಕೆ ತಾನೆ ಮಾಡಿದ್ದು" ಅಂದರು. ನಿನ್ನ ಕೆಲಸ ನಿನಗೆ ವಾಪಸ್ಸು ಅಂತಲೂ ಅಂದರು. ಕೆಲಸಕ್ಕೆ ಬರುವುದು ಬಿಡುವುದು ನಿನ್ನಿಷ್ಟ. ಆದರೆ ಅವರು ಬಿಟ್ಟಷ್ಟು ಸುಲಭವಾಗಿ ನೀನು ನನ್ನನ್ನು ಬಿಡಬೇಕಾಗಿಲ್ಲ. ಬೈಯಬೇಕು ಅನಿಸಿದ್ದನ್ನೆಲ್ಲ ಬೈ. ಕಾಗದದಲ್ಲಿ ಬೇಡ, ಮನೆಗೆ ಬಂದು ಬೈ.